ವಾರಕ್ಕೊಮ್ಮೆ ಸೇರುವವರು

ಜುಮಾ ಮುಗಿಸಿ ಹೊರಡುವಾಗ ಠಾಣಾ ಕುಶನೂರಿನ ಯುವಕರು ನಮ್ಮನ್ನು ಕೇಳುವುದುಂಟು: "ಹಜ್ರತ್, ಈ ರೋಟರಿಯವರು ಮೇಲಿಂದ ಮೇಲೆ ಸಭೆ ಸೇರಿ ಏನು ಮಾಡುತ್ತಾರೆ?"

1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರೊಡನೆ ಕುಳಿತು ಇದನ್ನು ಆರಂಭಿಸಿದರು. ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಗೆ ತಿರುಗುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಹಾಜರಿ ಬರೆಯುವುದು ಮೊದಲಿನಿಂದ ಬಂದ ರೂಢಿ. ತನ್ನ ಕ್ಲಬ್ಬಿನ ಸಭೆ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ತುಂಬಿಕೊಡಬಹುದು. (ನಮಗೆ ಕಝಾ ನಮಾಝ್ ನೆನಪಾಗುತ್ತದೆ!) ಒಪ್ಪಿಕೊಂಡ ಕೆಲಸ ಏನಾಯಿತೆಂದು ಮುಂದಿನ ವಾರ ಎಲ್ಲರೆದುರು ಹೇಳಬೇಕು ಎಂದಾಗ ಅದನ್ನು ಮರೆಯುವುದು ಕಷ್ಟ.

ಪೋಲಿಯೋ ನಿರ್ಮೂಲನೆಗೆ ರೋಟರಿ 1985ರಲ್ಲಿ ಕೈಹಾಕಿತು. ಉತ್ತರ ಪ್ರದೇಶದಲ್ಲಿ ನಮ್ಮವರೇ ಕೆಲವರು, ಹನಿ ಹಾಕಿಸಿದರೆ ಮುಂದೆ ಸಂತಾನವಾಗದು ಎಂಬ ವದಂತಿ ನಂಬಿ ಬಾಗಿಲು ಮುಚ್ಚಿದ್ದರು. ಉಲಮಾಗಳು ಜೊತೆಗೂಡಿದರು, ಮಸೀದಿಯ ಮೈಕಿನಿಂದ ಕರೆ ಹೋಯಿತು, ಬಾಗಿಲು ತೆರೆದವು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ಸಿಕ್ಕಿತು.

ರಕ್ತ ಬೇಕೆಂದರೆ ನಮ್ಮ ಹುಡುಗರೂ ಓಡುತ್ತಾರೆ. ಆದರೆ ಯಾರದು ಯಾವ ಗುಂಪು ಎಂದು ಪ್ರತಿಸಲ ಹೊಸದಾಗಿ ಹುಡುಕಬೇಕು! ಜುಮಾದ ನಂತರ ಹತ್ತು ನಿಮಿಷ ಕೂರೋಣ, ಒಂದು ವಹಿಯಲ್ಲಿ ಹೆಸರು, ರಕ್ತದ ಗುಂಪು, ಒಪ್ಪಿದ ಕೆಲಸ ಬರೆಯೋಣ. ಪಲ್ಸ್ ಪೋಲಿಯೋ ಭಾನುವಾರದ ಮುಂಚಿನ ಜುಮಾದಲ್ಲಿ ಮೈಕಿನಲ್ಲಿ ಹೇಳುವ ಕೆಲಸ ನಮಗಿರಲಿ. ಮನೆಮನೆಗೆ ಹೋಗುವವರು ಹೆಸರು ಕೊಡಿ.