ಹಿಂದಿನ ಗಾಜು ಕೂರಿಸುವ ಕಸುಬು

ಕಾರಿನ ಹಿಂದಿನ ಗಾಜು ಒಡೆದರೆ ದುರಸ್ತಿ ಎಂಬುದಿಲ್ಲ, ಬದಲಿಸಲೇಬೇಕು. ಮುಂದಿನ ಗಾಜಿಗೆ ಕಲ್ಲು ಬಡಿದು ಸಣ್ಣ ಬಿರುಕು ಬಿಟ್ಟರೆ ಅದರೊಳಗೆ ರಾಳ ತುಂಬಿ ಕೆಲವು ಕಾಲ ಸಾಗಿಸಬಹುದು. ಹಿಂದಿನದಕ್ಕೆ ಆ ಅವಕಾಶವಿಲ್ಲ. ಒಂದು ಮೂಲೆಗೆ ಪೆಟ್ಟು ಬಿದ್ದರೂ ಇಡೀ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಉದುರಿ ಡಿಕ್ಕಿ, ಸೀಟು, ನೆಲವನ್ನೆಲ್ಲ ತುಂಬುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಕಾರು, ಜೀಪು, ಟೆಂಪೊ ಇಟ್ಟುಕೊಂಡವರಿಗೆ ಇದು ಇಂದಲ್ಲ ನಾಳೆ ಎದುರಾಗುವ ಪ್ರಸಂಗ. ಆಗ ಬೇಕಾಗುವವನು ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಅಲ್ಲ, ಡೆಂಟಿಂಗ್ ಮಾಡುವವನೂ ಅಲ್ಲ. ಗಾಜು ಮತ್ತು ಅಂಟು ಎರಡನ್ನೂ ಬಲ್ಲ ಗ್ಲಾಸ್ ಫಿಟರ್. ಅವನ ಕೆಲಸದ ಮುಕ್ಕಾಲು ಪಾಲು ಗಾಜು ಕೂರಿಸುವುದರಲ್ಲಿಲ್ಲ. ಕೂರಿಸುವ ಮುಂಚಿನ ಸ್ವಚ್ಛತೆಯಲ್ಲಿ, ಕೂರಿಸಿದ ಮೇಲಿನ ಕಾಯುವಿಕೆಯಲ್ಲಿ ಇದೆ.

ಮುಂದಿನ ಗಾಜು, ಹಿಂದಿನ ಗಾಜು ನೋಡಲು ಒಂದೇ ಆದರೂ ಹುಟ್ಟು ಬೇರೆ. ಮುಂದಿನದು ಲ್ಯಾಮಿನೇಟೆಡ್: ಎರಡು ತೆಳು ಗಾಜುಗಳ ನಡುವೆ ಒಂದು ಪ್ಲಾಸ್ಟಿಕ್ ಪದರ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1903ರಲ್ಲಿ ಕೈತಪ್ಪಿ ಬಿದ್ದ ಗಾಜಿನ ಪಾತ್ರೆಯೊಂದು ಬಿರಿದರೂ ಚೂರಾಗದೆ ಉಳಿದದ್ದನ್ನು ಗಮನಿಸಿದ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ಅದರಿಂದ ಬೆಳೆದ ಉಪಾಯಕ್ಕೆ ಅವನು 1909ರಲ್ಲಿ ಪೇಟೆಂಟ್ ಪಡೆದ. ಹಿಂದಿನ ಗಾಜು ಸಾಮಾನ್ಯವಾಗಿ ಟಫನ್ಡ್, ಅಂದರೆ ಹದಗೊಳಿಸಿದ ಗಾಜು. ಇದರ ಮೂಲವೂ ಫ್ರಾನ್ಸಿನದೇ; 1874ರಲ್ಲಿ ದ ಲಾ ಬಾಸ್ತಿ ಎಂಬಾತ ಕಾದ ಗಾಜನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ಮಾಡಿಸಿದ್ದ. ಈಗಿನ ಕಾರ್ಖಾನೆಗಳಲ್ಲಿ ಎಣ್ಣೆಯಿಲ್ಲ. ಗಾಜನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅಂಚು ಉಜ್ಜಿ, ರಂಧ್ರ ಕೊರೆದು, ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಾಗಿಸುತ್ತಾರೆ. ನಂತರ ಎರಡೂ ಬದಿಯಿಂದ ರಭಸದ ಗಾಳಿ ಬಿಟ್ಟು ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಬಿಗಿಯುತ್ತದೆ, ಒಳಭಾಗ ತಡವಾಗಿ ಆರಿ ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಸೆಳೆತ ಸದಾ ಕಾದಾಡುತ್ತಿರುವುದರಿಂದಲೇ ಮಾಮೂಲಿ ಗಾಜಿಗಿಂತ ಇದು ನಾಲ್ಕು ಪಟ್ಟು ಗಟ್ಟಿ. ಬಿರುಕು ಒಳಪದರಕ್ಕೆ ಮುಟ್ಟಿತೆಂದರೆ ಮಾತ್ರ ಅಷ್ಟೂ ಸೆಳೆತ ಒಮ್ಮೆಗೇ ಬಿಡುಗಡೆಯಾಗಿ ಗಾಜು ಪೂರ್ತಿ ಪುಡಿಯಾಗುತ್ತದೆ.

ಹಾಗೆ ಪುಡಿಯಾಗುವುದು ದೋಷವಲ್ಲ, ಬೇಕೆಂದೇ ಮಾಡಿಟ್ಟ ಗುಣ. ಕತ್ತಿಯಂಥ ಉದ್ದ ಚೂರುಗಳು ಒಳಗೆ ಕುಳಿತವರ ಕುತ್ತಿಗೆಗೆ ತಾಗಬಾರದು. ವಾಹನದ ಗಾಜಿಗೆ ವಿಶ್ವಸಂಸ್ಥೆಯ ಆರ್43 ನಿಯಮ ವಿಧಿಸುವ ಪರೀಕ್ಷೆಯಲ್ಲಿ, ಒಡೆದ ಗಾಜಿನ 5 ಸೆಂ.ಮೀ. ಚೌಕದೊಳಗೆ ಕನಿಷ್ಠ 40 ಚೂರುಗಳಿರಬೇಕು. ಭಾರತದಲ್ಲಿ ಇದಕ್ಕಿರುವ ಮಾನದಂಡ ಐಎಸ್ 2553.

ಇದೇ ಗುಣದ ಇನ್ನೊಂದು ಮುಖ ಫಿಟರನ ಕೈ ಕಟ್ಟಿಹಾಕುತ್ತದೆ. ಹದಗೊಳಿಸಿದ ಮೇಲೆ ಈ ಗಾಜನ್ನು ಕತ್ತರಿಸಲು, ಕೊರೆಯಲು, ಅಂಚು ಸವೆಸಲು ಬರುವುದಿಲ್ಲ. ಕಿಟಕಿ, ಕನ್ನಡಿ, ಫೋಟೊ ಫ್ರೇಮಿಗೆ ಗಾಜು ಕತ್ತರಿಸಿಕೊಡುವ ಅಂಗಡಿಯವರು ಎಷ್ಟೇ ನುರಿತವರಾದರೂ ಕಾರಿನ ಹಿಂದಿನ ಗಾಜು ಮಾಡಿಕೊಡಲಾರರು. ವೈಪರಿನ ರಂಧ್ರದಿಂದ ಹಿಡಿದು ಮೂಲೆಯ ಬಾಗಿನವರೆಗೆ ಎಲ್ಲವೂ ಅಸಾಹಿ ಇಂಡಿಯಾ, ಸೇಂಟ್ ಗೋಬೈನ್ ಸೆಕ್ಯುರಿಟ್‌ನಂಥ ಕಾರ್ಖಾನೆಗಳಲ್ಲೇ ಮುಗಿದು ಬರಬೇಕು. ತುರ್ತಿಗೆಂದು ಅಕ್ರಿಲಿಕ್ ಹಾಳೆ ಕತ್ತರಿಸಿ ಸ್ಕ್ರೂ ಹೊಡೆದುಕೊಂಡು ಓಡಾಡುವವರಿದ್ದಾರೆ. ಅದು ಬೇಗ ಗೀರು ಬಿದ್ದು ಮಸುಕಾಗುತ್ತದೆ. ಸುರಕ್ಷಾ ಗಾಜಿನ ಜಾಗಕ್ಕೆ ಅದು ಸಲ್ಲದು.

ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಲಾರಿಯ ಗಾಲಿಯಿಂದ ಸಿಡಿಯುವ ಕಲ್ಲು ಹೆಚ್ಚಾಗಿ ಬಡಿಯುವುದು ಮುಂದಿನ ಗಾಜಿಗೆ. ಹಿಂದಿನದು ಹೋಗುವುದು ಬಹುಮಟ್ಟಿಗೆ ನಿಂತಲ್ಲೇ, ಇಲ್ಲವೇ ರಿವರ್ಸ್ ತೆಗೆಯುವಾಗ. ತಗ್ಗಿದ ಬೇವಿನ ಕೊಂಬೆ, ಹೊರಚಾಚಿದ ಬಾಲ್ಕನಿಯ ಅಂಚು, ಓಣಿಯ ಹುಡುಗರ ಕ್ರಿಕೆಟ್ ಚೆಂಡು ಇದಕ್ಕೆ ಸಾಕು. ಹೊಲಕ್ಕೆ ಒಯ್ಯುವ ಸ್ಪ್ರಿಂಕ್ಲರ್ ಪೈಪನ್ನೋ ಸಲಿಕೆಯ ಕಾವನ್ನೋ ಡಿಕ್ಕಿಯಲ್ಲಿಟ್ಟು ಜೋರಾಗಿ ಬಾಗಿಲು ಮುಚ್ಚಿದರೂ ಮುಗಿಯಿತು, ತುದಿ ನೇರ ಗಾಜಿಗೇ ತಾಗುತ್ತದೆ. ಬೇಸಿಗೆಯಲ್ಲಿ ಕೇಳಿಬರುವ ಇನ್ನೊಂದು ಮಾತು, ಬಿಸಿಲಿಗೆ ಗಾಜು ಒಡೆಯಿತು ಎಂಬುದು. ಗದಗ ಸೀಮೆಯ ಏಪ್ರಿಲ್-ಮೇ ಬಿಸಿಲು ಕಡುವಾದದ್ದೇ. ಆದರೆ ಹದಗೊಳಿಸಿದ ಗಾಜು ಸುಮಾರು 200 ಡಿಗ್ರಿಯ ಉಷ್ಣತೆಯ ವ್ಯತ್ಯಾಸವನ್ನು ತಾಳಬಲ್ಲದು. ಬಿಸಿಲೊಂದರಿಂದಲೇ ಒಡೆಯುವುದು ಅಪರೂಪ. ಮೊದಲೇ ಅಂಚಿನಲ್ಲಿ ಬಿದ್ದಿದ್ದ ಗಾಯ ಬಿಸಿಲಿಗೆ ಬಾಯಿಬಿಡುವುದೇ ಹೆಚ್ಚು. ಈ ಗಾಜಿನ ಮರ್ಮಸ್ಥಾನ ಅಂಚು. ನಡುವೆ ಬಿದ್ದ ಗುದ್ದನ್ನು ತಡೆದುಕೊಂಡದ್ದು ಅಂಚಿಗೆ ತಾಗಿದ ಸಣ್ಣ ಏಟಿಗೆ ಉದುರಬಹುದು.

ಒಡೆದ ಮೇಲಿನ ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು ಕೆಲವೇ. ಯಾವುದನ್ನೂ ಮುಟ್ಟುವ ಮುಂಚೆ ವಿಮೆಗಾಗಿ ಫೋಟೊ ತೆಗೆಯಬೇಕು. ಚೂರುಗಳನ್ನು ಬರಿಗೈಯಲ್ಲಿ ಬಳಿಯಬಾರದು. ಹರಳು ಮೊಂಡಾಗಿ ಕಂಡರೂ ನಡುನಡುವೆ ಸೂಜಿಮೊನೆಯ ಚಕ್ಕೆಗಳಿರುತ್ತವೆ. ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಬಾಯಿ ಮುಚ್ಚಬಹುದು, ಆದರೆ ಪ್ಯಾಕಿಂಗ್ ಟೇಪನ್ನು ಬಣ್ಣದ ಮೇಲೆ ಅಂಟಿಸಿ ಬಿಸಿಲಲ್ಲಿ ಬಿಟ್ಟರೆ ಅದರ ಗೋಂದು ಬಣ್ಣ ಕಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಬಹಳ ಜನ ಅರಿಯರು. ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿಗಳು ಏಳುತ್ತವೆ. ಹಿಂದಿನ ಬಾಯಿ ತೆರೆದಿದ್ದರೆ ಸೈಲೆನ್ಸರಿನ ಹೊಗೆ ಅದರ ಜೊತೆ ಒಳಗೆ ನುಗ್ಗುತ್ತದೆ. ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಮುಂಡರಗಿಯಿಂದ ಗದಗಿಗೆ ಹಾಗೇ ಓಡಿಸಿಕೊಂಡು ಬರಲೇಬೇಕಾದರೆ ಮುಂದಿನ ಕಿಟಕಿಗಳನ್ನು ತೆರೆದಿಟ್ಟು ನಿಧಾನವಾಗಿ ಬರಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಬಾರದು. ಎರೆಭೂಮಿಯ ರಸ್ತೆಯ ಧೂಳೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಹೊಸ ಗಾಜು ತರಿಸಲು ಕಾರಿನ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಮಾದರಿಯಲ್ಲಿ ಡಿಫಾಗರ್, ಅಂದರೆ ಮಂಜು ಕರಗಿಸುವ ಗೆರೆಗಳು, ಇರುವ ಗಾಜು ಬೇರೆ, ಇಲ್ಲದ್ದು ಬೇರೆ, ವೈಪರ್ ರಂಧ್ರವಿರುವುದು, ಇಲ್ಲದಿರುವುದು, ರೇಡಿಯೊ ಆಂಟೆನಾದ ಗೆರೆ ಇರುವುದು, ಇಲ್ಲದಿರುವುದು, ತಿಳಿಹಸಿರು, ಬಿಳಿ ಎಂಬ ಭೇದಗಳೂ ಇವೆ. ತಯಾರಿಕೆಯ ವರ್ಷ ಮತ್ತು 17 ಅಕ್ಷರಾಂಕಿಗಳ ಚಾಸಿ ನಂಬರು ಕೊಟ್ಟರೆ ತಪ್ಪು ಗಾಜು ಬರುವುದು ತಪ್ಪುತ್ತದೆ. ಹೆಚ್ಚು ಓಡಾಡುವ ಮಾದರಿಗಳನ್ನು ಬಿಟ್ಟರೆ ಉಳಿದವುಗಳ ಗಾಜಿಗೆ ಈ ಭಾಗದವರು ಮುಖ ಮಾಡುವುದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯ ಕಡೆಗೆ. ತರುವಾಗ ಗಾಜನ್ನು ಮಲಗಿಸಬಾರದು. ಅಂಚಿಗೆ ರಟ್ಟು ಅಥವಾ ಥರ್ಮಾಕೋಲ್ ಕೊಟ್ಟು ನಿಲ್ಲಿಸಿಯೇ ತರಬೇಕು. ಬಂದ ಗಾಜಿನ ಮೂಲೆಯಲ್ಲಿ ತಯಾರಕರ ಹೆಸರು, ಐಎಸ್‌ಐ ಮುದ್ರೆ ಇವೆಯೇ ಎಂದು ನೋಡಿಕೊಳ್ಳುವುದು ಗಿರಾಕಿಯ ಹಕ್ಕು. ಗುಜರಿಯಲ್ಲಿ ಸಿಗುವ ಹಳೆಯ ಗಾಜು ಅಗ್ಗವಾದರೂ ಅದರ ಅಂಚಿನ ಸ್ಥಿತಿಯನ್ನು ಬೆರಳಿನಿಂದ ಸವರಿ ಪರೀಕ್ಷಿಸದೆ ಕೊಳ್ಳಬಾರದು.

ಕೂರಿಸುವ ವಿಧಾನ ಎರಡು. ಹಳೆಯದು ರಬ್ಬರ್ ಬೀಡಿಂಗಿನದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳ, ಅನೇಕ ಬಸ್ಸುಗಳ ಗಾಜು ಹೀಗೇ ನಿಲ್ಲುತ್ತದೆ. ಬೀಡಿಂಗಿಗೆ ಎರಡು ಗಾಡಿ, ಅಂದರೆ ಎರಡು ಕಾಲುವೆ: ಒಂದರಲ್ಲಿ ಗಾಜು, ಇನ್ನೊಂದರಲ್ಲಿ ಕಾರಿನ ತಗಡಿನ ಅಂಚು. ಫಿಟರ್ ಮೊದಲು ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿ, ತಗಡಿನ ಅಂಚು ಕೂರಬೇಕಾದ ಕಾಲುವೆಯಲ್ಲಿ ಗಟ್ಟಿ ದಾರ ಸುತ್ತಿ, ಎರಡು ತುದಿಗಳನ್ನು ಕೆಳಗೆ ಒಂದರ ಮೇಲೊಂದು ಹಾಯಿಸಿ ಒಳಗೆ ಬಿಡುತ್ತಾನೆ. ಸಾಬೂನು ನೀರು ಬಳಿದು ಗಾಜನ್ನು ಹೊರಗಿನಿಂದ ಬಾಯಿಗೆ ಆನಿಸುತ್ತಾರೆ. ಒಬ್ಬ ಒಳಗೆ ಕುಳಿತು ದಾರ ಎಳೆಯುತ್ತಾನೆ, ಇನ್ನೊಬ್ಬ ಹೊರಗಿನಿಂದ ಅದೇ ಜಾಗಕ್ಕೆ ಅಂಗೈಯಿಂದ ಗುದ್ದುತ್ತಾ ಬರುತ್ತಾನೆ. ದಾರ ಹೊರಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಎಳೆತ ಮತ್ತು ಗುದ್ದು ಹೊಂದದಿದ್ದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಮೂಲೆ ಎದ್ದುನಿಲ್ಲುತ್ತದೆ. ಇಬ್ಬರೂ ಮಾತಿಲ್ಲದೆ ಒಂದೇ ಲಯದಲ್ಲಿ ಸಾಗುವುದನ್ನು ಕಣ್ಣಾರೆ ಕಂಡವರಿಗೆ ಇದು ಕೂಲಿಗೆಲಸವಲ್ಲ, ಕಲೆ ಎಂದು ಬೇರೆ ಹೇಳಬೇಕಿಲ್ಲ. ಹಳೆಯ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿದ್ದರೆ ಗಾಜಿನೊಂದಿಗೆ ಅದನ್ನೂ ಬದಲಿಸುವುದೇ ಸರಿ.

ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ನೇರ ತಗಡಿಗೇ ಕೂರಿಸಿರುತ್ತಾರೆ. ಇಲ್ಲಿ ಮೊದಲು ವೈಪರ್ ತೋಳು, ಬ್ರೇಕ್ ದೀಪ, ಡಿಕ್ಕಿ ಬಾಗಿಲಿನ ಒಳಹಲಗೆ ಬಿಚ್ಚಿ, ಡಿಫಾಗರಿನ ವೈರು ಕಳಚಿ, ವ್ಯಾಕ್ಯೂಮ್ ಕ್ಲೀನರಿನಿಂದ ಚೂರು ತೆಗೆಯಬೇಕು. ಸ್ಟೆಪ್ನಿಯ ಗುಂಡಿ, ಸೀಟ್ ಬೆಲ್ಟಿನ ಸಂದು, ಬಾಗಿಲಿನ ಟೊಳ್ಳು, ಎಲ್ಲೆಲ್ಲೂ ಹರಳು ಸೇರಿಕೊಂಡಿರುತ್ತವೆ. ಅವಸರ ಮಾಡಿದ ಕೆಲಸವಾದರೆ ಪ್ರತಿ ಸಲ ಬಾಗಿಲು ಮುಚ್ಚಿದಾಗಲೂ ಒಳಗೆ ಗಲಗಲ ಸದ್ದು ಬರುತ್ತದೆ. ಚೌಕಟ್ಟಿನ ಸುತ್ತ ಹಳೆಯ ಅಂಟಿನಲ್ಲಿ ಕಚ್ಚಿಕೊಂಡ ಗಾಜಿನ ಅಂಚನ್ನು ಹರಿತವಾದ ಅಲಗಿನಿಂದ ಹೆರೆಯುತ್ತಾರೆ. ಹಳೆಯ ಅಂಟನ್ನು ತಗಡು ಕಾಣುವಂತೆ ಪೂರಾ ಕೆರೆಯಬಾರದು, ಒಂದೆರಡು ಮಿ.ಮೀ. ದಪ್ಪದ ಸಮ ಪದರ ಉಳಿಸಬೇಕು. ಹೊಸ ಅಂಟಿಗೆ ಅದಕ್ಕಿಂತ ಒಳ್ಳೆಯ ನೆಲೆ ಇಲ್ಲ. ಅಲಗು ಬಣ್ಣಕ್ಕೆ ತಾಗಿ ಗೀರು ಬಿದ್ದರೆ ಅಲ್ಲಿಗೆ ಪ್ರೈಮರ್ ಹಚ್ಚಲೇಬೇಕು. ಹಚ್ಚದೆ ಬಿಟ್ಟ ಗೀರು ಅಂಟಿನ ಅಡಿಯಲ್ಲೇ ತುಕ್ಕು ಹಿಡಿದು ಕೆಲವು ಮಳೆಗಾಲ ಕಳೆದ ಮೇಲೆ ಸೋರತೊಡಗುತ್ತದೆ.

ಹೊಸ ಗಾಜನ್ನು ಅಂಟಿಲ್ಲದೆ ಒಮ್ಮೆ ಇಟ್ಟುನೋಡಿ, ಅಂತರ ಸಮ ಮಾಡಿ, ಗಾಜಿಗೂ ಬಾಡಿಗೂ ಸೇರಿಸಿ ಟೇಪಿನ ಗುರುತು ಹಾಕಿ, ಆ ಟೇಪನ್ನು ಸಂದಿನಲ್ಲಿ ಕತ್ತರಿಸುತ್ತಾರೆ. ಗಾಜಿನ ಸುತ್ತಲ ಕಪ್ಪು ಪಟ್ಟಿ ಚಂದಕ್ಕೆ ಮಾತ್ರ ಇರುವುದಲ್ಲ, ಅದು ಬಿಸಿಲಿನ ಅತಿನೇರಳೆ ಕಿರಣ ಅಂಟನ್ನು ಸುಡದಂತೆ ಕಾಯುವ, ಗಾಜಿನೊಂದಿಗೇ ಬೆಂದ ಲೇಪ. ಆ ಪಟ್ಟಿಯನ್ನು ಒರೆಸಿ ಪ್ರೈಮರ್ ಬಳಿದು, ಗನ್ನಿನಿಂದ ಮುಕ್ಕೋನ ಆಕಾರದ ಅಂಟಿನ ಏರಿಯನ್ನು ಎಲ್ಲೂ ತುಂಡಾಗದಂತೆ ಒಂದೇ ಸುತ್ತು ಹಾಕುತ್ತಾರೆ. ಅಂಟಿನ ಮೇಲೆ ಪೊರೆ ಕಟ್ಟುವ ಮುಂಚೆ, ಅಂದರೆ ಕೆಲವೇ ನಿಮಿಷಗಳಲ್ಲಿ, ಇಬ್ಬರು ರಬ್ಬರ್ ಬಟ್ಟಲುಗಳಿಂದ ಗಾಜು ಎತ್ತಿ ಗುರುತಿಗೆ ಸರಿಯಾಗಿ ಇಳಿಸಬೇಕು. ಇಟ್ಟ ಮೇಲೆ ಸರಿಸುವಂತಿಲ್ಲ. ಕಪ್ಪತಗುಡ್ಡದ ಸುತ್ತಲ ಈ ನಾಡಿನ ಗಾಳಿಗೆ ಪವನಯಂತ್ರಗಳೇ ತಿರುಗುತ್ತವೆ. ಮಳೆಗಾಲದ ಅಂಥ ಗಾಳಿ ರಸ್ತೆ ಬದಿಯ ಶೆಡ್ಡಿಗೆ ತರುವ ಧೂಳು ಹಸಿ ಪ್ರೈಮರಿನ ಮೇಲೆ ಕೂತರೆ ಅಂಟು ಹಿಡಿಯದು. ಆದ್ದರಿಂದ ಪರದೆ ಕಟ್ಟಿ, ಬೇಸಿಗೆಯಾದರೆ ಬೆಳಿಗ್ಗೆಯ ತಂಪಿನಲ್ಲಿ, ನೆರಳಿನಲ್ಲಿ ಮಾಡುವ ಕೆಲಸವಿದು.

ಈ ಅಂಟು ನೀರು ಆರಿ ಗಟ್ಟಿಯಾಗುವಂಥದ್ದಲ್ಲ, ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಶ್ರಾವಣದ ತೇವದ ದಿನಗಳಲ್ಲಿ ಬೇಗ ಹಿಡಿಯುತ್ತದೆ, ಒಣ ಹವೆಯಲ್ಲಿ ತಡ. ಎಷ್ಟು ಹೊತ್ತಿಗೆ ಕಾರು ಹೊರಡಬಹುದು ಎಂಬುದು ಅಂಟಿನ ಬಗೆಯ ಮೇಲೆ ನಿಂತಿದೆ, ಅದನ್ನು ಅಂಟಿನ ಕೊಳವೆಯ ಮೇಲೆ ಮುದ್ರಿಸಿರುತ್ತಾರೆ. ಪೂರ್ತಿ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ಲಕ್ಷ್ಮೇಶ್ವರದಿಂದಲೋ ಶಿರಹಟ್ಟಿಯಿಂದಲೋ ಬಂದ ಗಿರಾಕಿಗೆ ಸಂಜೆಯೊಳಗೆ ಊರು ಸೇರುವ ಆತುರ ಸಹಜ. ಆದರೂ ಇನ್ನೂ ಕಾಯಿರಿ ಎನ್ನುವ ಫಿಟರನೇ ನಂಬಿಕೆಗೆ ಅರ್ಹ. ಮೊದಲ ದಿನ ಒಂದು ಕಿಟಕಿಯನ್ನು ಸ್ವಲ್ಪ ಇಳಿಸಿಡಬೇಕು. ಎಲ್ಲ ಮುಚ್ಚಿ ಬಾಗಿಲು ರಪ್ಪನೆ ಹಾಕಿದರೆ ಒಳಗಿನ ಗಾಳಿಯೇ ಹಸಿ ಅಂಟಿನ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಎರಡು ದಿನ ಪ್ರೆಶರ್ ವಾಶ್ ಬೇಡ. ಅಂಟು ಹಿಡಿದ ಮೇಲೆ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು, ಒಳಗಿನಿಂದ ಮೂಲೆಗಳನ್ನು ಮುಟ್ಟಿ ನೋಡಿದರೆ ಸೋರಿಕೆ ತಿಳಿಯುತ್ತದೆ.

ಡಿಫಾಗರಿನ ಕಂದು ಗೆರೆಗಳು ಬೆಳ್ಳಿ ಬೆರೆತ ಲೇಪದವು. ಬ್ಯಾಟರಿಯ 12 ವೋಲ್ಟ್ ಹರಿದಾಗ ಬಿಸಿಯಾಗಿ ಮಂಜು ಕರಗಿಸುತ್ತವೆ. ಗಾಜು ಕೂರಿಸಿದ ಮೇಲೆ ಎರಡೂ ಬದಿಯ ತುದಿಗಳಿಗೆ ವೈರು ಸೇರಿಸಿ ಹಚ್ಚಿ ನೋಡಬೇಕು. ಈ ಗೆರೆಗಳಿಗೆ ಇಲ್ಲಿ ದೊಡ್ಡ ಅಪಾಯ ಬ್ಲೇಡು. ಹಿಂದಿನ ಗಾಜು ಈ ಸೀಮೆಯಲ್ಲಿ ಭಕ್ತಿ, ಅಭಿಮಾನಗಳ ಫಲಕವೂ ಹೌದು. ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಅನ್ನದಾನೇಶ್ವರ, ಗದಗಿನ ಪುಟ್ಟರಾಜ ಗವಾಯಿಗಳು, ಸಂಗೊಳ್ಳಿ ರಾಯಣ್ಣ, ತಂದೆ-ತಾಯಿಯ ಆಶೀರ್ವಾದ, ಮಕ್ಕಳ ಹೆಸರು, ಎಲ್ಲಕ್ಕೂ ಜಾಗ ಅಲ್ಲೇ. ಹೊಸ ಗಾಜು ಬಂದ ಮರುದಿನವೇ ರೇಡಿಯಂ ಕಟಿಂಗಿನವರ ಬಳಿ ಹೋಗುವವರು ಆ ಸ್ಟಿಕ್ಕರನ್ನು ಹೊರಮೈಗೆ ಹಚ್ಚಿಸಬೇಕು. ಒಳಗೆ ಅಂಟಿಸಿ ಆಮೇಲೆ ಬ್ಲೇಡಿನಿಂದ ಕಿತ್ತರೆ ಡಿಫಾಗರಿನ ಗೆರೆ ತುಂಡಾಗುತ್ತದೆ. ಅಕ್ಷರಗಳು ಚಾಲಕನ ನೋಟಕ್ಕೆ ಅಡ್ಡ ಬರದಂತೆ ಅಂಚಿನಲ್ಲಿರುವುದು ಒಳಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ, ಹಿಂದಿನ ಗಾಜುಗಳು ಕನಿಷ್ಠ ಶೇ 70, ಪಕ್ಕದವು ಶೇ 50 ಬೆಳಕು ಬಿಡಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿಂತದ್ದೂ ಈ ನಿಯಮದ ಮೇಲೆಯೇ.

ಖರ್ಚಿನ ಮಾತು ಬಂದರೆ, ಸಮಗ್ರ ವಿಮೆ ಇರುವ ಕಾರಿಗೆ ಗಾಜಿನ ಮೇಲೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗಾದರೆ ಶೇ 50 ಕಡಿತ. 1500 ಸಿಸಿವರೆಗಿನ ಖಾಸಗಿ ಕಾರಿಗೆ 1000 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 2000 ರೂಪಾಯಿಯನ್ನು ಮಾಲೀಕನೇ ಭರಿಸಬೇಕು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಏನೂ ಸಿಗದು. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಹೋಗುವುದರಿಂದ, ಅಗ್ಗದ ಗಾಜಿನ ಸಣ್ಣ ಕಾರಾದರೆ ಕೈಯಿಂದ ಕೊಡುವುದೇ ಲಾಭವಾಗಬಹುದು. ಎರಡನ್ನೂ ಲೆಕ್ಕ ಹಾಕಿ ನೋಡಬೇಕು. ಕ್ಲೇಮ್ ಮಾಡುವುದಾದರೆ ಹೊಸ ಗಾಜು ಕೂರಿಸುವ ಮುಂಚೆಯೇ ವಿಮೆ ಕಂಪನಿಗೆ ತಿಳಿಸಬೇಕು. ಬಿಲ್ಲಿನಲ್ಲಿ ಗಾಜು, ಬೀಡಿಂಗ್, ಅಂಟು, ಕೂಲಿ ಬೇರೆ ಬೇರೆಯಾಗಿ ಬರೆಸಿಕೊಂಡರೆ ಕಡಿತದ ಲೆಕ್ಕ ಸರಿಯಾಗುತ್ತದೆ. ಅಂಟು ಬಿಟ್ಟು ಸೋರಿದರೆ ಮರಳಿ ಮಾಡಿಕೊಡುವ ಮಾತನ್ನೂ ಅದೇ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.