ನಲವತ್ತೈದು ದಾಟಿದ ಮೇಲೆ ಆ ಇಂಜೆಕ್ಷನ್: ಬೇಕೋ, ಬೇಡವೋ?

ಇಶಾ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೂ ಒಬ್ಬರು ಚಪ್ಪಲಿ ಹುಡುಕುವವರಂತೆ ಹೊರಗೆ ನಿಂತಿದ್ದರೆ ನನಗೆ ಗೊತ್ತಾಗಿಬಿಡುತ್ತದೆ. ಏನೋ ಕೇಳಲಿಕ್ಕಿದೆ, ಎಲ್ಲರ ಮುಂದೆ ಕೇಳುವಂಥದ್ದಲ್ಲ. ಹೊಳೆನರಸೀಪುರದ ಡ್ರೈವರ್ ಕಾಕ ಅವತ್ತು ಹಾಗೆಯೇ ನಿಂತಿದ್ದರು. ವಯಸ್ಸು 47. ಮಂಗಳೂರು ದಕ್ಕೆಯಿಂದ ಮೀನು ತುಂಬಿಸಿ, ರಾತ್ರಿಯೇ ಶಿರಾಡಿ ಘಾಟಿ ಹತ್ತಿ, ಬೆಳಕು ಹರಿಯುವ ಹೊತ್ತಿಗೆ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಅಂಗಡಿಗಳಿಗೆ ಇಳಿಸುವುದು ಅವರ ಕೆಲಸ. ಮಾತು ಬ್ಯಾರಿಯಲ್ಲೇ ಶುರುವಾಯಿತು. ಮಳೆ, ಘಾಟಿಯ ಗುಂಡಿ, ಮಕ್ಕಳ ಶಾಲೆ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಹೊರಗೆ ಬಂದಾಗ ಮಾತು ತಾನಾಗಿ ಕನ್ನಡಕ್ಕೆ ತಿರುಗಿತು. ನಾಚಿಕೆಯ ಮಾತಿಗೆ ಸ್ವಲ್ಪ ದೂರದ ಭಾಷೆಯೇ ಅನುಕೂಲ ಅಂತ ಕಾಣುತ್ತದೆ.

"ಉಸ್ತಾದರೇ, ಇದು ಗಂಡಸ್ತನದ ರಿಪೋರ್ಟಂತೆ. ಕಡಿಮೆ ಅಂತ ಬಂದಿದೆ. ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂತಾರೆ. ದೀನಿನಲ್ಲಿ ಇದಕ್ಕೆ ಅಡ್ಡಿ ಇದೆಯಾ?"

ಕಾಗದದಲ್ಲಿ ಟೆಸ್ಟೋಸ್ಟಿರೋನ್ 238 ಎಂದಿತ್ತು, ಪಕ್ಕದಲ್ಲಿ ಕೆಳಮುಖದ ಬಾಣ. ಅದನ್ನು ಮಡಚಿ ಕೊಟ್ಟು, "ಕಾಕಾ, ದೀನಿನ ಪ್ರಶ್ನೆ ಆಮೇಲೆ. ಈ ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ಸಂಜೆ ಐದೂವರೆಗೆ, ಊಟ ಮಾಡಿ, ಚಹಾ ಕುಡಿದು. ಹಿಂದಿನ ರಾತ್ರಿಯಿಡೀ ಘಾಟಿಯಲ್ಲಿ.

ನನಗೆ ಈ ಪ್ರಶ್ನೆ ಹೊಳೆದದ್ದು ಜಾಣತನದಿಂದಲ್ಲ. ಅದೇ ತಪ್ಪನ್ನು ನಾನೂ ಮಾಡಿ ಹದಿನೈದು ದಿನ ನಿದ್ದೆ ಕೆಡಿಸಿಕೊಂಡಿದ್ದೆ.

2025ರ ಮೇ ಕೊನೆಯಿಂದ ಜೂನ್ ಕಳೆಯುವವರೆಗೆ ಹಾಸನ ಜಿಲ್ಲೆ ಹೇಗಿತ್ತು ಎಂದು ಓದುಗರಿಗೆ ನೆನಪಿಸಬೇಕಾಗಿಲ್ಲ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗ್ಗಿನಿಂದ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿ, 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಕಾಣಲಿಲ್ಲ ಎಂದಿತು. ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಸಿಗರೇಟು, ಮದ್ಯ, ಇವೇ ಹಳೆಯ ಕಾರಣಗಳು. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರು ಎದ್ದು ಕಾಣುವಷ್ಟಿದ್ದರು.

ವರದಿ ಬರುವ ಮೊದಲೇ ಭಯ ಬಂದಿತ್ತು. ಹೃದಯ ತೋರಿಸಲಿಕ್ಕೆ ಹೋದವರು ಲ್ಯಾಬುಗಳಲ್ಲಿ ಫುಲ್ ಬಾಡಿ ಪ್ಯಾಕೇಜಿಗೂ ರಕ್ತ ಕೊಟ್ಟು ಬಂದರು. ಕೆಲವು ಪ್ಯಾಕೇಜುಗಳಲ್ಲಿ ಯಾರೂ ಕೇಳದ ಟೆಸ್ಟೋಸ್ಟಿರೋನೂ ಸೇರಿಕೊಂಡಿತ್ತು. ನನ್ನದೂ ಹಾಗೆ. ಸಂಜೆ ಮದ್ರಸ ಬಿಟ್ಟು ಹೋಗಿ ಕೊಟ್ಟ ರಕ್ತದಲ್ಲಿ 251. ಸುಬ್ಹಿಗೆ ಎದ್ದು ಬೆಳಗಿನ ಕ್ಲಾಸು, ಮತ್ತೆ ಸಂಜೆಯ ಕ್ಲಾಸು ಮಾಡುವವನಿಗೆ ಸುಸ್ತಾಗದೆ ಇರುತ್ತದೆಯೇ? ಆದರೆ ಆ ಬಾಣದ ಗುರುತು ನೋಡಿದ ಮೇಲೆ ಪ್ರತಿ ಸುಸ್ತಿಗೂ ಅದೇ ಕಾರಣವಾಗಿ ಕಂಡಿತು. ನಂತರ ಹಾಸನದ ಒಬ್ಬ ವೈದ್ಯರು ಬೆಳಿಗ್ಗೆ 8 ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಚೆನ್ನಾಗಿ ನಿದ್ದೆ ಮಾಡಿದ ಮೇಲೆ ಕೊಡಿ ಎಂದರು. 402 ಬಂತು. ಮನುಷ್ಯ ಅವನೇ, ರಕ್ತ ಅದೇ, ಗಡಿಯಾರ ಮಾತ್ರ ಬೇರೆ.

ಈ ಹಾರ್ಮೋನು ಬೆಳಿಗ್ಗೆ ಏರುತ್ತದೆ, ಹೊತ್ತು ಇಳಿದಂತೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಇನ್ನೂ ಇಳಿಯುತ್ತದೆ. ಅದಕ್ಕೇ ಬೇರೆ ಬೇರೆ ಎರಡು ದಿನ ಬೆಳಿಗ್ಗೆ ನೋಡಿ ಎರಡೂ ಸಲ ಕಡಿಮೆ ಇದ್ದರೆ ಮಾತ್ರ ಕೊರತೆ ಎನ್ನಬೇಕು ಎಂಬುದು ವೈದ್ಯರ ಸಂಘಗಳ ನಿಯಮ. ಅಮೆರಿಕದ ಯುರಾಲಜಿ ಸಂಘ 2018ರಲ್ಲಿ 300 ನ್ಯಾನೋಗ್ರಾಂ ಎಂಬ ಗೆರೆ ಹಾಕಿತು. ಅದೇ ವರ್ಷ ಹಾರ್ಮೋನು ತಜ್ಞರ ಸಂಘ 264 ಎಂದಿತು. ಗೆರೆಯಲ್ಲೇ ಇಷ್ಟು ವ್ಯತ್ಯಾಸವಿರುವಾಗ ಒಂದು ಸಂಜೆಯ ಕಾಗದ ನಂಬಿ ಜೀವಮಾನದ ಮದ್ದು ಶುರುಮಾಡುವುದು ಎಷ್ಟು ಸರಿ?

ಸಂಖ್ಯೆ ಮಾತ್ರ ಸಾಲದು, ಲಕ್ಷಣವೂ ಬೇಕು. ಯುರೋಪಿನ ಎಂಟು ದೇಶಗಳಲ್ಲಿ 40ರಿಂದ 79 ವಯಸ್ಸಿನ ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಸುಸ್ತು, ಬೇಸರ, ಮೈಕೈ ಶಕ್ತಿಯಿಲ್ಲ ಎನ್ನುವಂಥವು ಯಾರಿಗೂ ಬರುವಂಥವು. ಆಸೆ ಕುಗ್ಗುವುದು, ಬೆಳಗಿನ ಹೊತ್ತಿನ ಸಹಜ ಉದ್ರೇಕ ನಿಲ್ಲುವುದು, ಹೆಂಡತಿಯ ಬಳಿ ವೈಫಲ್ಯ, ಈ ಮೂರೂ ಕಡಿಮೆ ಸಂಖ್ಯೆಯ ಜೊತೆ ಸೇರಿದರೆ ಮಾತ್ರ ನಿಜವಾದ ಕೊರತೆ ಎಂದು ಅದು ಹೇಳಿತು. ಹಾಗೆ ಲೆಕ್ಕ ಹಾಕಿದಾಗ ಸಿಕ್ಕಿದವರು ನೂರಕ್ಕೆ ಇಬ್ಬರು ಮಾತ್ರ.

ಆ ಇಬ್ಬರಲ್ಲಿ ಒಬ್ಬರು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನನ್ನ ಹಳೆಯ ಸ್ನೇಹಿತರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಂಗನಬಾವು ಬಂದು ವೃಷಣಗಳಿಗೂ ಇಳಿದಿತ್ತು. ದೊಡ್ಡವರಾದ ಮೇಲೆ ಬರುವ ಮಂಗನಬಾವು ಹಾಗೆ ಮಾಡುವುದುಂಟು. ಐವತ್ತರ ಹೊತ್ತಿಗೆ ಅವರಿಗೆ ಗಡ್ಡ ತೆಳುವಾಯಿತು, ಮೂಳೆ ಸವೆದಿದೆ ಎಂದು ಬೇರೆ ಪರೀಕ್ಷೆಯಲ್ಲಿ ಗೊತ್ತಾಯಿತು. ರಕ್ತದಲ್ಲಿ ಟೆಸ್ಟೋಸ್ಟಿರೋನ್ 140. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ 'ಕೆಲಸ ಮಾಡು, ಕೆಲಸ ಮಾಡು' ಎಂದು ಕಳಿಸುವ ಎಲ್ಎಚ್ ಎಂಬ ಹಾರ್ಮೋನು ಮಾತ್ರ ದುಪ್ಪಟ್ಟು. ಅಂದರೆ ಯಜಮಾನ ಕೂಗುತ್ತಿದ್ದಾನೆ, ಕೆಲಸದವನಿಗೆ ಕೈಲಾಗುವುದಿಲ್ಲ. ಇಂಥವರಿಗೆ ಇಂಜೆಕ್ಷನ್ ಕೊಡುವುದು ಥೈರಾಯಿಡ್ ಕಡಿಮೆ ಇದ್ದವರಿಗೆ ಮಾತ್ರೆ ಕೊಟ್ಟ ಹಾಗೆ. ಅವರು 10ರಿಂದ 14 ವಾರಕ್ಕೊಮ್ಮೆ ಕೊಡುವ ಎಣ್ಣೆಯ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಮುಖದಲ್ಲಿ ಕಳೆ ಬಂದಿದೆ. ಒಮ್ಮೆ ರಕ್ತ ಗಟ್ಟಿಯಾಗಿ ವೈದ್ಯರು ಮುಂದಿನ ಸೂಜಿಯನ್ನು ತಡೆದದ್ದೂ ಇದೆ. ಈ ಮದ್ದಿನಿಂದ ಕೆಂಪು ರಕ್ತಕಣ ಹೆಚ್ಚುತ್ತದೆ. ಹೆಮಟೊಕ್ರಿಟ್ ಎಂಬ ಅಂಕಿ 54 ದಾಟಿದರೆ ಮದ್ದು ನಿಲ್ಲಿಸಲೇಬೇಕು. ಹಾಗಾಗಿ ಸೂಜಿ ಹಾಕಿಸಿಕೊಂಡು ಮರೆತುಬಿಡುವ ಹಾಗಿಲ್ಲ. ರಕ್ತ, ಪ್ರಾಸ್ಟೇಟಿನ ಪಿಎಸ್ಎ, ಬಿಪಿ ನೋಡಿಸುತ್ತಲೇ ಇರಬೇಕು.

ಡ್ರೈವರ್ ಕಾಕನ ಕಥೆ ಬೇರೆ. ಹೊಟ್ಟೆ ಬಂದಿದೆ, ಎಂಟು ವರ್ಷದ ಸಕ್ಕರೆ ಕಾಯಿಲೆ, ಗೊರಕೆ ಎಷ್ಟೆಂದರೆ ಮಕ್ಕಳು ಬೇರೆ ಕೋಣೆಗೆ ಹೋಗಿದ್ದಾರೆ. ಬೊಜ್ಜು, ಸಕ್ಕರೆ, ಗೊರಕೆಯ ಜೊತೆ ಉಸಿರು ನಿಲ್ಲುವ ಕಾಯಿಲೆ, ರಾತ್ರಿ ನಿದ್ದೆ ಇಲ್ಲದಿರುವುದು, ಇವೆಲ್ಲ ಟೆಸ್ಟೋಸ್ಟಿರೋನನ್ನು ಇಳಿಸುತ್ತವೆ. ತೂಕ ಇಳಿದರೆ ಅದು ತಾನಾಗಿ ಏರುವುದೂ ಉಂಟು. ಗೊರಕೆಯ ಕಾಯಿಲೆಗೆ ಮದ್ದು ಮಾಡದೆ ಈ ಇಂಜೆಕ್ಷನ್ ಕೊಟ್ಟರೆ ಉಸಿರಿನ ತೊಂದರೆ ಹೆಚ್ಚಾಗಬಹುದು. ಮತ್ತೆ, ಸಕ್ಕರೆ ಕಾಯಿಲೆಯವರ ವೈಫಲ್ಯಕ್ಕೆ ಎಷ್ಟೋ ಸಲ ಕಾರಣ ಹಾರ್ಮೋನಲ್ಲ, ರಕ್ತನಾಳ. ಆ ಸಣ್ಣ ನಾಳ ಕಟ್ಟುತ್ತಿದ್ದರೆ ಹೃದಯದ ನಾಳವೂ ಅದೇ ದಾರಿಯಲ್ಲಿರಬಹುದು ಎಂದು ವೈದ್ಯರು ಹೇಳುತ್ತಾರೆ. ಹಾಸನದ ನಾವು ಈ ಮಾತನ್ನು ಎರಡು ಸಲ ಕೇಳಿಸಿಕೊಳ್ಳಬೇಕು.

"ಇಂಜೆಕ್ಷನ್ ತಗೊಂಡ್ರೆ ಹೃದಯಕ್ಕೆ ಏಟಾಗತ್ತಾ?" ಎಂಬುದು ಕಾಕನ ಎರಡನೆಯ ಪ್ರಶ್ನೆ. ಇದಕ್ಕೆ ವರ್ಷಗಟ್ಟಲೆ ಜಗಳ ನಡೆದಿದೆ. 2015ರಲ್ಲಿ ಅಮೆರಿಕದ ಔಷಧ ಇಲಾಖೆ ಹೃದಯಾಘಾತ, ಪಾರ್ಶ್ವವಾಯುವಿನ ಎಚ್ಚರಿಕೆ ಹಾಕಿಸಿತು. ಆಮೇಲೆ ಹೃದ್ರೋಗ ಇರುವ ಅಥವಾ ಬರುವ ಸಂಭವ ಹೆಚ್ಚಿರುವ, 45ರಿಂದ 80 ವಯಸ್ಸಿನ 5,200ಕ್ಕೂ ಹೆಚ್ಚು ಗಂಡಸರ ಮೇಲೆ ಟ್ರಾವರ್ಸ್ ಎಂಬ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ನಿಜವಾದ ಜೆಲ್, ಅರ್ಧ ಜನಕ್ಕೆ ಹುಸಿ ಜೆಲ್. 2023ರಲ್ಲಿ ಬಂದ ಫಲಿತಾಂಶ: ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ ಮದ್ದಿನವರಲ್ಲಿ ಶೇ. 7.0, ಹುಸಿಯವರಲ್ಲಿ ಶೇ. 7.3. ಆ ಮಟ್ಟಿಗೆ ನೆಮ್ಮದಿ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ಏಟಾಗುವುದು ಮದ್ದಿನವರಲ್ಲೇ ಸ್ವಲ್ಪ ಹೆಚ್ಚಿತ್ತು. ಆ ಪರೀಕ್ಷೆಗೆ ಸೇರಿದವರೆಲ್ಲ ನಿಜವಾಗಿ ಕಡಿಮೆ ಇದ್ದವರು, ವೈದ್ಯರ ಕಣ್ಣಡಿ ಇದ್ದವರು. ಬಸ್ ನಿಲ್ದಾಣದ ಗೋಡೆಯ 'ಗುಪ್ತರೋಗ' ಪೋಸ್ಟರ್ ನೋಡಿ ಲಾಡ್ಜಿನ ಕೋಣೆಗೆ ಹೋದವರಲ್ಲ.

ಲಾಭವೆಷ್ಟು? 65 ದಾಟಿದ 790 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸೆ ಮತ್ತು ದಾಂಪತ್ಯದ ಶಕ್ತಿ ಒಂದು ಮಟ್ಟಿಗೆ ಸುಧಾರಿಸಿತು. ಸುಸ್ತು ಹೋಗುತ್ತದೆ ಎಂಬುದು ಮಾತ್ರ ಸಾಬೀತಾಗಲಿಲ್ಲ. ನಮ್ಮವರು ಕೇಳುವುದು ಹೆಚ್ಚಾಗಿ ಸುಸ್ತಿಗೇ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಅರಕಲಗೂಡು ಕಡೆಯ ಒಬ್ಬ ತಮ್ಮ, 38 ವಯಸ್ಸು, ಮದುವೆಯಾಗಿ ಆರು ವರ್ಷ, ಮಗುವಿಲ್ಲ. ಜಿಮ್ಮಿನ ಗೆಳೆಯನೊಬ್ಬ "ಗಂಡಸ್ತನ ಹೆಚ್ಚಿದರೆ ಮಗು ಆಗುತ್ತೆ" ಎಂದು ಇದೇ ಇಂಜೆಕ್ಷನ್ ಕೊಡಿಸಿದ. ಮೈ ತುಂಬಿಕೊಂಡಿತು, ಉತ್ಸಾಹವೂ ಬಂತು. ಐದು ತಿಂಗಳ ಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ಒಂದೂ ವೀರ್ಯಾಣು ಇಲ್ಲ. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ 'ಇನ್ನು ಬೇಡ' ಎಂದು ಸುಮ್ಮನಾಗುತ್ತದೆ, ವೃಷಣ ಕೆಲಸ ನಿಲ್ಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇದೇ ಇಂಜೆಕ್ಷನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು ಎಂದರೆ ಅರ್ಥಮಾಡಿಕೊಳ್ಳಿ. ಆ ಮನೆಯಲ್ಲಿ ಆರು ವರ್ಷವೂ ಮಾತು ಕೇಳಿದವಳು ಹೆಂಡತಿ. ಹರಕೆ, ಮಂತ್ರದ ನೀರು, ಡಾಕ್ಟರ ಸ್ಕ್ಯಾನಿಂಗ್ ಎಲ್ಲ ಅವಳಿಗೇ. ಅವನನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಈಗ ಇಂಜೆಕ್ಷನ್ ಬಿಟ್ಟಿದ್ದಾನೆ, ಬೇರೆ ಬಗೆಯ ಮದ್ದು ನಡೆಯುತ್ತಿದೆ. ಬಿಟ್ಟ ಮೇಲೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತದೆ, ತಿಂಗಳುಗಳು ಹಿಡಿಯುತ್ತವೆ. ಮಗು ಬೇಕು ಎನ್ನುವವರು ಈ ಮದ್ದಿನ ಬಳಿ ಹೋಗಲೇಬಾರದು. ಅವರಿಗೆ ವೃಷಣವನ್ನೇ ಎಬ್ಬಿಸುವ ಬೇರೆ ಔಷಧಗಳಿವೆ. ಎರಡನೆಯ ಮದುವೆಯಾದ ನಲವತ್ತೈದರವರೂ ಇದನ್ನು ಗಮನಿಸಲಿ.

ಕಾಕನ ದೀನಿನ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟು. ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಮದ್ದುಂಟು, ಮದ್ದು ಮಾಡಿ ಎಂಬ ಅರ್ಥದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಹಾಗಾದರೆ ನಿಮ್ಮದು ರೋಗವೋ ಮುಪ್ಪೋ ಎಂಬುದೇ ಪ್ರಶ್ನೆ, ಅದನ್ನು ತಿಳಿಸಬೇಕಾದವರು ವೈದ್ಯರು. ರೋಗವೆಂದಾದರೆ ಚಿಕಿತ್ಸೆಗೆ ನಾಚಿಕೆ ಬೇಡ. ಮದ್ದು ಯಾವುದರಿಂದ ಮಾಡಿದ್ದು ಎಂಬ ಸಂಶಯ ಹಲವರಿಗಿದೆ. 1935ರಲ್ಲಿ ಹಾಲೆಂಡಿನಲ್ಲಿ ಇದನ್ನು ಮೊದಲು ಬೇರ್ಪಡಿಸಿದಾಗ ಸುಮಾರು 100 ಕಿಲೋ ಹೋರಿಯ ವೃಷಣದಿಂದ 10 ಮಿಲಿಗ್ರಾಂ ಸಿಕ್ಕಿತಂತೆ. ಈಗ ಸೋಯಾದಂಥ ಗಿಡಗಳಲ್ಲಿ ಸಿಗುವ ವಸ್ತುವಿನಿಂದ ಕಾರ್ಖಾನೆಯಲ್ಲಿ ಮಾಡುತ್ತಾರೆ, ಹರಳೆಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ಕರಗಿಸಿ ಇಂಜೆಕ್ಷನ್ ಮಾಡುತ್ತಾರೆ. ಸ್ನಾಯುವಿಗೆ ಚುಚ್ಚುವ ಸೂಜಿಯಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಜೆಲ್ ಹಚ್ಚಿಕೊಳ್ಳುವವರಿಗೆ ಒಂದು ಮಾತು. ಭುಜಕ್ಕೆ ಹಚ್ಚಿದ ಮೇಲೆ ಕೆಲವು ಗಂಟೆ ಸ್ನಾನ ಮಾಡಬಾರದು, ಹಾಗಾಗಿ ಕಡ್ಡಾಯ ಸ್ನಾನ ಮುಗಿಸಿಯೇ ಹಚ್ಚಿ. ಅದು ಒಣಗುವ ಮುನ್ನ ಮಗುವನ್ನು ಹೆಗಲಿಗೆ ಹಾಕಿಕೊಂಡರೆ ಮದ್ದು ಮಗುವಿನ ಮೈಗೆ ಹೋಗುತ್ತದೆ. ಪುಟ್ಟ ಮಕ್ಕಳಲ್ಲಿ ಅಕಾಲ ಯೌವನದ ಲಕ್ಷಣ ಕಂಡು 2009ರಲ್ಲಿ ಅಮೆರಿಕದಲ್ಲಿ ಇದಕ್ಕೇ ಎಚ್ಚರಿಕೆ ಹೊರಟಿತು. ಒಣಗಿದ ಮೇಲೂ ಬಟ್ಟೆಯಿಂದ ಮುಚ್ಚಿಕೊಳ್ಳಿ, ಹೆಂಡತಿಗೂ ತಾಗಬಾರದು.

ಹೆಂಡತಿಗೆ ಹೇಳಿದ್ದೀರಾ ಎಂದು ಕೇಳಿದಾಗ ಕಾಕ ತಲೆ ತಗ್ಗಿಸಿದರು. ಒಂದು ವರ್ಷದಿಂದ ಟ್ರಿಪ್ಪಿನ ನೆಪ ಹೇಳಿ ಹಾಲ್‌ನಲ್ಲೇ ಮಲಗುತ್ತಿದ್ದರಂತೆ. ಆಕೆ ಏನೆಂದುಕೊಂಡಿರಬಹುದು ಎಂದು ಕೇಳಿದೆ. ಉತ್ತರ ಬರಲಿಲ್ಲ. ಮೂರು ದಿನದ ಮೇಲೆ ಫೋನ್ ಬಂತು: "ಹೇಳಿದೆ ಉಸ್ತಾದರೇ. ಮಂಗಳೂರಲ್ಲಿ ಬೇರೆ ಮನೆ ಮಾಡಿದ್ದೀನಿ ಅಂತ ಅಂದ್ಕೊಂಡಿದ್ಲಂತೆ. ಅತ್ತುಬಿಟ್ಲು."

ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಬೇಡವೆಂದು. ಮೊದಲ ಬೆಳಗಿನ ಪರೀಕ್ಷೆಯಲ್ಲಿ 311 ಬಂದಿದೆ, ಗೆರೆಯ ಮೇಲೆ ಒಂಚೂರು. ಮೂರು ತಿಂಗಳ ಸಕ್ಕರೆಯ ಸರಾಸರಿ 9.1. ಇಂಜೆಕ್ಷನ್ ಈಗ ಬೇಡ, ಸಕ್ಕರೆ ಹಿಡಿತಕ್ಕೆ ಬರಲಿ, ನಿದ್ದೆಯ ಪರೀಕ್ಷೆಯಾಗಲಿ, ಹೃದಯವನ್ನೂ ನೋಡೋಣ ಎಂದಿದ್ದಾರೆ ವೈದ್ಯರು. ಎರಡನೆಯ ರಕ್ತ ಕೊಡುವುದು ಮುಂದಿನ ಬುಧವಾರ ಬೆಳಿಗ್ಗೆ ಏಳೂವರೆಗೆ. ಅದಕ್ಕೆ ಮೊದಲು ನಾಲ್ಕು ರಾತ್ರಿ ಮನೆಯಲ್ಲೇ ಮಲಗಬೇಕೆಂದು ಘಾಟಿಯ ಟ್ರಿಪ್ಪನ್ನು ಬಾವನ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಲ್ಯಾಬಿಗೆ ಹೆಂಡತಿಯೂ ಬರುತ್ತಾರಂತೆ.