ಮೈಗೆ ತಕ್ಕ ರವಿಕೆ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆ ನಮ್ಮಲ್ಲಿ ಪ್ರಚಲಿತವಾಗಿದೆ. ಆದರೆ ಪರರ ನೋಟಕ್ಕೇ ಪೂರ್ತಿ ಅಧಿಕಾರ ಕೊಟ್ಟುಬಿಟ್ಟರೆ ಊಟವೂ ನಮ್ಮ ಇಚ್ಛೆಯಾಗಿ ಉಳಿಯುವುದಿಲ್ಲ. ರಾಜ್ಯೋತ್ಸವದ ಸಮಾರಂಭಕ್ಕೆ ಎಲ್ಲ ಮಹಿಳೆಯರೂ ಇಳಕಲ್ ಸೀರೆಯುಟ್ಟು, ಗುಳೇದಗುಡ್ಡದ ಖಣದ ರವಿಕೆ ತೊಟ್ಟು ಬರೋಣವೆಂದು ನಾವು ಒಮ್ಮೆ ಮಾತಾಡಿಕೊಂಡಾಗ ಕೆಲವರು ಹಿಂದೆ ಸರಿದರು. ಒಬ್ಬರಿಗೆ ತೋಳು ದಪ್ಪವೆಂಬ ಸಂಕೋಚ, ಇನ್ನೊಬ್ಬರಿಗೆ ತಾವು ಕುಳ್ಳಗೆಂಬ ಕೊರಗು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ತಾಯಿ ಹೇಳಿದ ಮಾತಂತೂ ಮನಸ್ಸಿಗೆ ನಾಟಿತು. ರವಿಕೆ ಸರಿಯಾಗಿ ಕೂರದಿದ್ದಾಗ ದರ್ಜಿಯು "ಸ್ವಲ್ಪ ಇಳಿಸಿಕೊಂಡು ಬನ್ನಿ" ಎಂದನಂತೆ. ಅಂದಿನಿಂದ ಮಗಳು ರಾತ್ರಿಯ ಊಟವನ್ನೇ ಬಿಟ್ಟಿದ್ದಳು.

ಬಟ್ಟೆ ಮೈಗೆ ಹೊಂದಬೇಕೇ ಹೊರತು ಮೈ ಬಟ್ಟೆಗಲ್ಲ. ಈ ಸರಳ ಸಂಗತಿಯನ್ನು ನಾವು ಮರೆತಿದ್ದೇವೆ. ರವಿಕೆಯ ಇಂದಿನ ರೂಪವಾದರೂ ಹೆಣ್ಣಿನ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತ ಬಂದದ್ದೇ ಆಗಿದೆ. ಭಾರತೀಯರಲ್ಲಿ ಮೊದಲ ಐ.ಸಿ.ಎಸ್. ಅಧಿಕಾರಿಯಾದ, ಮುಂದೆ ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿಯವರು 1860ರ ದಶಕದಲ್ಲಿ ಮುಂಬಯಿಗೆ ಬಂದರು. ಇಲ್ಲಿನ ಪಾರ್ಸಿ ಮಹಿಳೆಯರ ಉಡುಗೆಯನ್ನು ಕಂಡು, ಮನೆಯಿಂದ ಹೊರಬರುವ ಬಂಗಾಳಿ ಮಹಿಳೆಯರಿಗೆ ಅನುಕೂಲವಾಗುವಂತೆ ಸೀರೆ-ರವಿಕೆಗಳ ಹೊಸ ಕ್ರಮವನ್ನು ರೂಢಿಗೆ ತಂದರು. ಅಗತ್ಯಕ್ಕೆ ತಕ್ಕಂತೆ ಅಂದು ಬದಲಾದದ್ದು ಉಡುಗೆ.

ಹೊಲಿಗೆಗೆ ಕೊಡುವಾಗ ಬಹುಮಂದಿ ಮಾಡುವ ತಪ್ಪೆಂದರೆ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಟ್ಟುಬರುವುದು. ಇದು ಹಳೆಯ ಪಾಸ್‌ಬುಕ್ ನೋಡಿ ಇಂದಿನ ಶಿಲ್ಕು ಹೇಳಿದಂತೆ! ಮೂವತ್ತು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತ ನಮ್ಮ ಅಳತೆಯೂ ಮೊದಲಿನಂತಿಲ್ಲ. ಆದ್ದರಿಂದ ಪ್ರತಿ ಸಲವೂ ಟೇಪು ಹಿಡಿದು ಹೊಸದಾಗಿ ಅಳೆಯಿಸುವುದು ಲೇಸು. ಭುಜದ ಅಗಲ, ಎದೆಯ ಸುತ್ತಳತೆ, ಎದೆಯ ಕೆಳಗಿನ ಸುತ್ತಳತೆ, ಕಂಕುಳ ಸುತ್ತು, ತೋಳಿನ ದಪ್ಪ, ಬೆನ್ನಿನ ಉದ್ದ ಇವು ಎಲ್ಲರಿಗೂ ತಿಳಿದವು. ಭುಜದಿಂದ ಎದೆಯ ತುದಿಯವರೆಗಿನ ಉದ್ದವನ್ನು ಮಾತ್ರ ಅನೇಕರು ಕೈಬಿಡುತ್ತಾರೆ. ವಯಸ್ಸಿನೊಂದಿಗೆ ಹೆಚ್ಚು ಬದಲಾಗುವುದು ಇದೇ. ಮುಂಭಾಗದ ಟಕ್ಕುಗಳು ಈ ತುದಿಯತ್ತ ಮುಖ ಮಾಡಿ, ಅದಕ್ಕೆ ಸುಮಾರು 1 ಇಂಚು ಮೊದಲೇ ಮುಗಿಯಬೇಕು. ಮೇಲೆ ಕೆಳಗೆ ಆದರೆ ಎಂಥ ಬೆಲೆಬಾಳುವ ಬಟ್ಟೆಯೂ ಸುಕ್ಕುಗಟ್ಟುತ್ತದೆ. ಎದೆಯ ಅಳತೆಗೆ 1ರಿಂದ 2 ಇಂಚು ಸಡಿಲ ಸೇರಿಸಿದರೆ ಉಸಿರಾಟಕ್ಕೆ, ಕೈ ಎತ್ತುವುದಕ್ಕೆ ಅಡ್ಡಿಯಾಗದು. ಹತ್ತಿಯ ಬಟ್ಟೆಯಾದರೆ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು.

ಇನ್ನು ಮೈಕಟ್ಟಿನ ವಿಚಾರ. ಬಟ್ಟೆಯ ಅಂಚು ಎಲ್ಲಿ ನಿಲ್ಲುತ್ತದೆಯೋ ನೋಡುವವರ ಕಣ್ಣೂ ಅಲ್ಲಿಯೇ ನಿಲ್ಲುತ್ತದೆ. ಇದೊಂದನ್ನು ತಿಳಿದರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ. ತೋಳು ದಪ್ಪಗಿರುವವರು ತೋಳಿನ ಅತಿ ಅಗಲದ ಜಾಗದಲ್ಲಿ ರವಿಕೆಯ ತೋಳನ್ನು ಮುಗಿಸಬಾರದು. ಅದಕ್ಕಿಂತ ಎರಡು ಇಂಚು ಕೆಳಗೆ ಅಥವಾ ಮೊಣಕೈಯವರೆಗೆ ಇಳಿಸಿ, ಕಿರಿದಾದ ಅಂಚನ್ನು ಇಡಿಸಬೇಕು. ತೀರ ಬಿಗಿ ಹಿಡಿಸಿದರೆ ಮುಚ್ಚಬೇಕೆಂದದ್ದೇ ಎದ್ದು ಕಾಣುತ್ತದೆ. ಕತ್ತು ಗಿಡ್ಡವಾಗಿದ್ದರೆ 'ವಿ' ಅಥವಾ 'ಯು' ಆಕಾರದ ಕೊರಳು ಒಪ್ಪುತ್ತದೆ. ಕತ್ತು ಉದ್ದ, ಭುಜ ಕಿರಿದು ಎನ್ನುವವರಿಗೆ ಅಡ್ಡಗಲದ ಬೋಟ್ ನೆಕ್, ಭುಜದಲ್ಲಿ ಚಿಕ್ಕ ನೆರಿಗೆ ಚೆನ್ನು. ಭುಜ ಅಗಲವಿದ್ದವರು ಆ ನೆರಿಗೆಯನ್ನು ಬಿಡುವುದೇ ಒಳ್ಳೆಯದು.

ಎದೆ ತುಂಬಿಕೊಂಡಿರುವವರಿಗೆ ಒಂದೇ ದೊಡ್ಡ ಟಕ್ಕಿಗಿಂತ ಮೂರು ನಾಲ್ಕು ಚಿಕ್ಕ ಟಕ್ಕುಗಳು, ಇಲ್ಲವೆ ಕಂಕುಳಿಂದ ಕೆಳಗಿಳಿಯುವ ಪ್ರಿನ್ಸೆಸ್ ಕಟ್ ಸರಿಹೊಂದುತ್ತದೆ. ಮುಂದೆ ಹಿಂದೆ ಎರಡೂ ಕಡೆ ಕೊರಳನ್ನು ಅಗಲಿಸಿದರೆ ರವಿಕೆ ಭುಜದಿಂದ ಜಾರುತ್ತದೆ. ಹೊಳಪಿನ ಬಟ್ಟೆ ಬೆಳಕನ್ನು ಹೊಮ್ಮಿಸಿ ಮೈಯನ್ನು ತುಂಬಿದಂತೆ ತೋರಿಸುವುದರಿಂದ ತೆಳ್ಳಗಿನವರಿಗೆ ಅದು ಒಳ್ಳೆಯದು. ಅವರಿಗೆ ಕಟೋರಿ ಕಟ್ ಕೂಡ ಒಪ್ಪುತ್ತದೆ. ಕುಳ್ಳಗಿರುವವರು ಸೀರೆಯ ಒಡಲಿನ ಬಣ್ಣಕ್ಕೆ ಹತ್ತಿರದ ರವಿಕೆ ತೊಟ್ಟರೆ ಎತ್ತರ ತುಂಡಾಗದೆ ಒಂದೇ ಗೆರೆಯಾಗಿ ಕಾಣುತ್ತದೆ. ಎತ್ತರದವರು ಸೆರಗಿನ ಕೆಂಪಿಗೆ ಹೊಂದುವ, ಒಡಲಿಗೆ ವಿರುದ್ಧವಾದ ಬಣ್ಣವನ್ನು ಧೈರ್ಯವಾಗಿ ಆಯಬಹುದು. ಹೊಟ್ಟೆಯ ಮಡಿಕೆಯ ಸಂಕೋಚವಿದ್ದವರು ರವಿಕೆಯ ಉದ್ದವನ್ನು 1 ಇಂಚು ಹೆಚ್ಚಿಸಿಕೊಂಡರೆ ಸಾಕು, ಪಟ್ಟಿಯು ಮಡಿಕೆಗೆ ಒತ್ತುವುದಿಲ್ಲ.

ಖಣದ ಬಟ್ಟೆಗೆ ಬೇರೆಯೇ ಎಚ್ಚರಿಕೆ ಬೇಕು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನೇಕಾರರು ರವಿಕೆಗೆಂದೇ ನೇಯುವ ಈ ಬಟ್ಟೆಯ ಅಗಲ ಕಿರಿದು. ಹಾಗಾಗಿ ಕತ್ತರಿ ಹಾಕುವ ಮೊದಲೇ ಅಂಚು ತೋಳಿಗೆ ಬರಬೇಕೋ ಬೆನ್ನಿಗೆ ಬರಬೇಕೋ ಎಂಬುದನ್ನು ತೀರ್ಮಾನಿಸಬೇಕು. ಪ್ರಿನ್ಸೆಸ್ ಕಟ್ ಮಾಡಿದರೆ ನೇಯ್ಗೆಯ ಚಿಕ್ಕಚಿಕ್ಕ ಬುಟ್ಟಾಗಳ ಸಾಲು ಮುರಿಯುವುದರಿಂದ ಖಣಕ್ಕೆ ಟಕ್ಕುಗಳೇ ಲೇಸು. ಬಟ್ಟೆ ಸಾಲದೆ ಬಂದಾಗ ಹಿಂದಿನವರು ಕುಪ್ಪಸದ ಕಂಕುಳಡಿ ತ್ರಿಕೋನಾಕಾರದ ತುಂಡೊಂದನ್ನು ಸೇರಿಸುತ್ತಿದ್ದರು. ಕೈ ಎತ್ತಿದರೂ ರವಿಕೆ ಮೇಲೇರದಂತೆ ಕಾಪಾಡುವ ಈ ಉಪಾಯವನ್ನು ಇಂದಿನ ದರ್ಜಿಗಳಿಗೂ ಹೇಳಿ ಮಾಡಿಸಬಹುದು. ಒಳಗೆ ಹತ್ತಿಯ ಅಸ್ತರು ಕೊಡಿಸಿದರೆ ಹೊಲಿಗೆಯ ಮೇಲೆ ಬೀಳುವ ಎಳೆತ ಕಡಿಮೆಯಾಗಿ ಖಣ ಬಹುಕಾಲ ಬಾಳುತ್ತದೆ.

ಮೇಲೆ ಹೇಳಿದ ಹುಡುಗಿಯನ್ನು ನಾವೇ ಬೇರೊಬ್ಬ ದರ್ಜಿಯ ಬಳಿಗೆ ಕರೆದೊಯ್ದು ಹೊಸದಾಗಿ ಅಳೆಯಿಸಿದೆವು. ಭುಜದಿಂದ ಎದೆಯವರೆಗಿನ ಉದ್ದ ಮೊದಲ ರವಿಕೆಯಲ್ಲಿ ಒಂದು ಇಂಚಿನಷ್ಟು ತಪ್ಪಿತ್ತು. ಕುಂದಿದ್ದದ್ದು ಕತ್ತರಿಯಲ್ಲಿ, ಮೈಯಲ್ಲಲ್ಲ. ಎರಡನೆಯ ರವಿಕೆ ಕನ್ನಡಿಯ ಮುಂದೆ ಚೆನ್ನಾಗಿ ಕೂತಾಗ ಆ ಮಗು ನಕ್ಕದ್ದನ್ನು ನೋಡಿ ಅವಳ ತಾಯಿ ಮೊದಲು ಕೇಳಿದ್ದು, "ಇವತ್ತು ರಾತ್ರಿ ಏನು ಅಡಿಗೆ ಮಾಡಲಿ?" ಎಂದು.

ನಮ್ಮ ತಾಯಿಯವರು ಹೊಲಿಸುತ್ತಿದ್ದ ಪ್ರತಿ ರವಿಕೆಯ ಒಳಬದಿಯಲ್ಲಿಯೂ ಎರಡು ಬೆರಳಗಲದ ಬಟ್ಟೆ ಮಡಿಸಿಟ್ಟಿರುತ್ತಿತ್ತು. ಬಾಣಂತನವಾದಾಗ ಒಂದು ಹೊಲಿಗೆ ಬಿಚ್ಚುವರು, ಮೈ ಇಳಿದಾಗ ಮತ್ತೆ ಹಾಕುವರು. ಮೈ ಬದಲಾಗುವುದು ಸಹಜವೆಂದು ಮೊದಲೇ ಒಪ್ಪಿಕೊಂಡವರ ಹೊಲಿಗೆ ಅದು. ಮುಂದಿನ ಸಲ ದರ್ಜಿಯ ಬಳಿ ಹೋದಾಗ ಎರಡೂ ಪಕ್ಕಗಳಲ್ಲಿ ಒಂದೊಂದೂವರೆ ಇಂಚು ಒಳಗೆ ಬಿಡಿಸಲು ಮರೆಯದಿರೋಣ. ನಮ್ಮ ಹೆಣ್ಣುಮಕ್ಕಳಿಗೂ ಅದೇ ಮಾತನ್ನು ಕಲಿಸೋಣ.